ಸರ್ ಎಂ. ವಿಶ್ವೇಶ್ವರಯ್ಯನವರೂ ಭದ್ರಾವತಿಯ ಕುಲುಮೆಯೂ

ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡತಕ್ಕ ಈ ಸ್ಮರಣ ಸಂಪುಟದಲ್ಲಿ ಶರಣರ ಚರಿತ್ರೆಗಳೂ ಗುರುಪರಂಪರೆಯ ವೃತ್ತಾಂತಗಳೂ ಬರುವುದು ಸಹಜವೇ ಸರಿ. ಇವುಗಳ ನಡುವೆ ಒಬ್ಬ ಇಂಜಿನಿಯರರ, ಅದರಲ್ಲಿಯೂ ನಮ್ಮ ಸಂಪ್ರದಾಯಕ್ಕೆ ಸೇರದೆ ಇದ್ದವರ, ಜೀವನವನ್ನು ಬರೆಯುವುದೇಕೆಂದು ಭಕ್ತ ಮಹಾಶಯರಲ್ಲಿ ಕೆಲವರಾದರೂ ಕೇಳದೆ ಇರಲಾರರು. ಅದಕ್ಕೆ ಉತ್ತರವು ದೂರದಲ್ಲಿಲ್ಲ. ತುಂಗೆಯ ದಡದ ಶಿವಮೊಗ್ಗೆಯಿಂದ ಭದ್ರೆಯ ದಡದ ಭದ್ರಾವತಿಗೆ ಐದು ಹರದಾರಿಯೂ ಆಗದು. ಶ್ರೀಮಠಕ್ಕೆ ನಡೆದುಕೊಳ್ಳುವ ಈ ಎರಡು ಊರುಗಳ ಒಕ್ಕಲುಗಳಲ್ಲಿ ತಂದೆಯೋ ತಾತನೋ ಕಬ್ಬಿಣದ ಕಾರ್ಖಾನೆಯ ಅನ್ನವನ್ನು ಉಣ್ಣದೆ ಇದ್ದ ಮನೆಗಳು ವಿರಳ. ಕಾಯಕದ ಮಹಿಮೆಯನ್ನು ದಿನವೂ ಕೇಳುವ ನಾವು, ಕಾಯಕವನ್ನೇ ಉಸಿರಾಗಿ ಮಾಡಿಕೊಂಡು ಈ ಸೀಮೆಯ ಮುಂದಿನ ದಿನಗಳನ್ನು ಲೆಕ್ಕ ಹಾಕಿ ಕಟ್ಟಲೆಣಿಸಿದ ಒಬ್ಬರನ್ನು ಮರೆಯುವುದು ನ್ಯಾಯವಲ್ಲ. ಅವರ ಲೆಕ್ಕವು ಎಲ್ಲಿ ಕೂಡಿತು, ಎಲ್ಲಿ ಕೂಡದೆ ಹೋಯಿತು ಎಂಬುದನ್ನು ನೋಡದೆ ಬರಿಯ ಹೊಗಳಿಕೆಯಿಂದ ತೃಪ್ತರಾಗುವುದೂ ನ್ಯಾಯವಲ್ಲ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ನೆಯ ಇಸವಿ ಸೆಪ್ಟೆಂಬರ್ 15ನೆಯ ತಾರೀಖಿನಲ್ಲಿ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ಧನಿಕರಲ್ಲ. ಬಾಲ್ಯದಲ್ಲಿಯೇ ಪಿತೃವಿಯೋಗವಾಗಲು, ಬೆಂಗಳೂರಿನಲ್ಲಿದ್ದ ಸೋದರಮಾವನವರ ಆಶ್ರಯದಲ್ಲಿ ಓದನ್ನು ಮುಂದುವರಿಸಿ, ಕೊಡಗಿನ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳಿ ಖರ್ಚನ್ನು ತೂಗಿಸಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಪದವೀಧರರಾದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನದಲ್ಲಿ ತೇರ್ಗಡೆ ಹೊಂದಿದರು. ಪರರ ಹಣದಿಂದ ಓದಿದವನು ಆ ಹಣಕ್ಕೆ ಉತ್ತರವಾದಿಯೆಂಬ ಭಾವನೆ ಅವರಲ್ಲಿ ಕೊನೆಯವರೆಗೂ ಇದ್ದಿತೆಂದು ಅವರ ನಡೆವಳಿಕೆಯಿಂದ ಊಹಿಸಬಹುದು.

ಮುಂಬಯಿ ಸರ್ಕಾರದ ಕಾಮಗಾರಿ ಇಲಾಖೆಯಲ್ಲಿ ಅವರು ಕಳೆದ ಕಾಲು ಶತಮಾನವನ್ನು ಇಲ್ಲಿ ಬೇಗನೆ ದಾಟಬೇಕಾಗಿದೆ. ಸಿಂಧೂ ನದಿಯ ತೀರದ ಸುಕ್ಕೂರಿಗೆ ಕುಡಿಯುವ ನೀರು, ಖಡಕ್‌ವಾಸಲೆಯ ಕೆರೆಗೆ 1903ರಲ್ಲಿ ತಾವೇ ಯೋಚಿಸಿ ಇರಿಸಿದ ಸ್ವಯಂಚಾಲಿತ ಕದಗಳು, ರೈತರಿಗೆ ಸರದಿಯ ಮೇಲೆ ನೀರು ಹಂಚುವ ಪದ್ಧತಿ, ಇವುಗಳಿಂದ ಅವರ ಹೆಸರು ಹರಡಿತು. 1908ರಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದು ನಗರವನ್ನು ಕೊಚ್ಚಿದಾಗ ನಿಜಾಮರ ಸರ್ಕಾರವು ಇವರನ್ನೇ ಕರೆಸಿಕೊಂಡಿತು. ಆದರೆ ನಮ್ಮ ಪ್ರಸ್ತಾಪಕ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು 1898ರಲ್ಲಿ ಅವರು ಮಾಡಿದ ಜಪಾನಿನ ಪ್ರಯಾಣ. ಕೆಲವೇ ದಶಕಗಳ ಹಿಂದೆ ನಮ್ಮಂತೆಯೇ ಹಳೆಯ ಕಸುಬುಗಳಿಂದ ಬದುಕುತ್ತಿದ್ದ ಒಂದು ಏಷ್ಯಾದ ದೇಶವು ಶಾಲೆಗಳನ್ನೂ ಕಾರ್ಖಾನೆಗಳನ್ನೂ ಒಟ್ಟಿಗೆ ಎಬ್ಬಿಸಿ ತಲೆಯೆತ್ತಿದುದನ್ನು ಅವರು ಕಣ್ಣಾರೆ ಕಂಡರು. ಅಲ್ಲಿಂದ ಮುಂದೆ ಅವರ ಮನಸ್ಸಿನಲ್ಲಿ ಭವಿಷ್ಯತ್ತೆಂಬುದು ಬಂದು ಒದಗತಕ್ಕ ವಸ್ತುವಾಗಿ ಉಳಿಯದೆ, ಅಣೆಕಟ್ಟಿನಂತೆ ಅಂದಾಜುಪಟ್ಟಿ ಬರೆದು, ತಾರೀಖು ಗೊತ್ತುಮಾಡಿ, ಕಟ್ಟತಕ್ಕ ವಸ್ತುವಾಯಿತು.

1909ರ ಕೊನೆಯಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರರಾಗಿ ಬಂದರು. ಕನ್ನಂಬಾಡಿಯ ಕಟ್ಟೆಯ ಕೆಲಸವು 1911ರಲ್ಲಿ ಪ್ರಾರಂಭವಾದುದು ಎಲ್ಲರಿಗೂ ವಿದಿತವೇ ಇದೆ. ಅದೇ ವರ್ಷ ಅವರ ಪ್ರೇರಣೆಯಿಂದ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಮೈಸೂರು ಸಂಪದಭ್ಯುದಯ ಸಮಾಜವನ್ನು ಸ್ಥಾಪಿಸಿದರು. ಬೇಸಾಯ, ವಿದ್ಯಾಭ್ಯಾಸ, ಕೈಗಾರಿಕೆ ವಾಣಿಜ್ಯ ಎಂದು ಅದಕ್ಕೆ ಮೂರು ಶಾಖೆಗಳು. ಸರ್ಕಾರಿ ಅಧಿಕಾರಿಗಳೂ ವರ್ತಕರೂ ಜಮೀನುದಾರರೂ ಒಂದೇ ಜಮಖಾನದ ಮೇಲೆ ಕುಳಿತು, ನಮ್ಮ ನಾಡಿನಲ್ಲಿ ಎಷ್ಟು ಜನ ಓದಬಲ್ಲರು, ಒಂದು ಎಕರೆಯಲ್ಲಿ ಎಷ್ಟು ಬೆಳೆಯುವುದು, ಹೊರಗಿನಿಂದ ಎಷ್ಟು ಸಾಮಾನು ಬರುವುದು ಎಂದು ಲೆಕ್ಕ ನೋಡಿದುದು ಈ ನಾಡಿನಲ್ಲಿ ಹೊಸ ಸಂಗತಿ. ಕನ್ನಡಿಗರು ಹೆಮ್ಮೆಪಡುವ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದುದಕ್ಕೂ ಮೂಲವು ಈ ಸಮಾಜವೇ.

ಈ ಮಾತನ್ನು ಬರೆಯುವಾಗ ನಮ್ಮ ಸೀಮೆಯ ಇನ್ನೊಬ್ಬ ಪುರುಷರ ಸ್ಮರಣೆಯಾಗುತ್ತದೆ. 1645ರಿಂದ 1660ರ ವರೆಗೆ ಆಳಿದ ಕೆಳದಿಯ ಶಿವಪ್ಪನಾಯಕರು, ಶಿವಭಕ್ತರೂ ಮಠಮಾನ್ಯಗಳಿಗೆ ಆಶ್ರಯದಾತರೂ ಆಗಿದ್ದವರು, ಭೂಮಿಯನ್ನು ಅದರ ಸತ್ತ್ವಕ್ಕನುಸಾರವಾಗಿ ತರಗತಿಗಳಾಗಿ ವಿಂಗಡಿಸಿ, ಹನ್ನೆರಡು ವರ್ಷಗಳ ಬೆಳೆಯನ್ನು ಪರೀಕ್ಷಿಸಿ, ಆ ಮೇಲೆ ಕಂದಾಯವನ್ನು ಗೊತ್ತುಮಾಡಿದರೆಂದು ಪ್ರಸಿದ್ಧಿ. ಆ ಕಟ್ಟಳೆಗೆ ಶಿಸ್ತು ಎಂದೇ ಹೆಸರು. ಅಳೆಯದೆ ಕೇಳಬಾರದು, ತಿಳಿಯದೆ ವಿಧಿಸಬಾರದು ಎಂಬುದು ಆ ಶಬ್ದದ ಒಳಗಿನ ಧರ್ಮ. ಹೊತ್ತಿಗೆ ಸರಿಯಾಗಿ ಬರುವುದನ್ನೂ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮಾತ್ರ ಶಿಸ್ತೆಂದು ಕರೆಯುವ ಇಂದಿನ ರೂಢಿಯಲ್ಲಿ ಆ ಪದದ ಹುರುಳು ಸ್ವಲ್ಪ ಸವೆದಿದೆ. ವಿಶ್ವೇಶ್ವರಯ್ಯನವರಲ್ಲಿ ಎರಡು ಅರ್ಥಗಳೂ ಒಂದಾಗಿದ್ದುವು. ಅವರ ರುಮಾಲಿನ ನೆರಿಗೆಯೂ ಅವರ ಅಂದಾಜುಪಟ್ಟಿಯ ಮೊತ್ತವೂ ಎಂದಿಗೂ ಅಸ್ತವ್ಯಸ್ತವಾಗಿರಲಿಲ್ಲ.

1912ರ ನವೆಂಬರಿನಲ್ಲಿ ದಿವಾನಗಿರಿಯು ಬಂತು. ಅದನ್ನು ಒಪ್ಪಿಕೊಳ್ಳುವ ಮುನ್ನ ಬಂಧುಮಿತ್ರರನ್ನೆಲ್ಲ ಊಟಕ್ಕೆ ಕರೆದು, ತಮಗಾಗಿ ಏನನ್ನೂ ಕೇಳಬಾರದೆಂದು ಮಾತು ತೆಗೆದುಕೊಂಡ ಮೇಲೆಯೇ ಒಪ್ಪಿದರೆಂಬ ಕಥೆಯು ನಾಡಿನಲ್ಲೆಲ್ಲ ಹಬ್ಬಿದೆ. ಮುಂದಿನ ಆರು ವರ್ಷಗಳಲ್ಲಿ ನಡೆದ ಕಾರ್ಯಗಳನ್ನು ಎಣಿಸಹೊರಟರೆ ಪುಟಗಳು ಸಾಲವು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆಯ ಕಾರ್ಖಾನೆ, ಸಾಬೂನಿನ ಕಾರ್ಖಾನೆ. ಅವರು ಬಂದಾಗ ಸಂಸ್ಥಾನದಲ್ಲಿ ಇದ್ದ ಶಾಲೆಗಳು ಸುಮಾರು 4,500. ಆರು ವರ್ಷಗಳಲ್ಲಿ ಅವಕ್ಕೆ ಸುಮಾರು 6,500 ಹೊಸ ಶಾಲೆಗಳು ಸೇರಿದುವು. ಈ ಒಂದು ಅಂಕಿಯನ್ನು ನಮ್ಮ ವಾಚಕರು ಸ್ವಲ್ಪ ನಿಂತು ನೋಡಬೇಕು. ಅಷ್ಟು ಹಳ್ಳಿಗಳ ಮಕ್ಕಳು ಅಲ್ಲಿಯವರೆಗೆ ಓದು ಬರಹವೆಂಬುದನ್ನು ದೂರದಿಂದ ಮಾತ್ರ ಕಂಡಿದ್ದರು.

ಇನ್ನು ಭದ್ರಾವತಿಯ ವಿಷಯ. ಈ ಊರಿನ ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ನಾಲ್ಕಾರು ಬೀದಿಗಳು, ಮಲೆನಾಡಿನ ಜ್ವರ, ಸುತ್ತಲೂ ದಟ್ಟಡವಿ, ಇಷ್ಟೇ ಅದರ ವೈಭವವಾಗಿದ್ದ ಕಾಲದಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ 1899ರಲ್ಲಿ ರೈಲುದಾರಿ ಬಂದಿತು. ದಕ್ಷಿಣಕ್ಕೆ ಬಾಬಾಬುಡನ್ ಗಿರಿಗಳಲ್ಲಿ ಕಬ್ಬಿಣದ ಅದಿರು ಅಪಾರವಾಗಿತ್ತು. ಕೆಮ್ಮಣ್ಣುಗುಂಡಿ ಎಂಬ ಸ್ಥಳನಾಮದಲ್ಲಿಯೇ ಆ ಕೆಂಪು ಮಣ್ಣಿನ ಸಾಕ್ಷ್ಯವಿದೆ. ನಮ್ಮ ಹಿರಿಯರು ಹೆಸರಿಡುವಾಗ ಕಣ್ಣುಮುಚ್ಚಿ ಇಡುತ್ತಿರಲಿಲ್ಲ. ಅದಿರು ಇತ್ತು, ಸುಣ್ಣದ ಕಲ್ಲು ಇತ್ತು, ಭದ್ರೆಯ ನೀರು ಇತ್ತು. ಇಲ್ಲದಿದ್ದುದು ಕಲ್ಲಿದ್ದಲು. ಮೈಸೂರು ಸೀಮೆಯಲ್ಲಿ ಎಲ್ಲಿ ಅಗೆದರೂ ಅದು ಸಿಕ್ಕುವಂತಿರಲಿಲ್ಲ. ಕಲ್ಲಿದ್ದಲಿಲ್ಲದೆ ಕಬ್ಬಿಣದ ದೊಡ್ಡ ಕಾರ್ಖಾನೆಯೆಂದರೆ ಹಲವರಿಗೆ ಹುಚ್ಚು ಸಾಹಸವಾಗಿ ಕಂಡಿತು.

ವಿಶ್ವೇಶ್ವರಯ್ಯನವರು ಅಡವಿಯ ಕಡೆಗೆ ನೋಡಿದರು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವುದು, ಆ ಇದ್ದಿಲಿನಿಂದ ಅದಿರನ್ನು ಕರಗಿಸುವುದು; ಹಾಗೆ ಕಾಯಿಸುವಾಗ ಏಳುವ ಹಬೆಯನ್ನು ಗಾಳಿಗೆ ಬಿಡದೆ ತಂಪುಮಾಡಿ ಹಿಡಿದು, ಅದರಿಂದ ಮರದ ಸಾರಾಯವನ್ನೂ ಸುಣ್ಣದ ಅಸಿಟೇಟನ್ನೂ ಟಾರನ್ನೂ ತೆಗೆಯುವುದು. ಹಳ್ಳಿಯ ಕಮ್ಮಾರನು ತಲೆತಲಾಂತರದಿಂದ ಇದ್ದಿಲಿನಲ್ಲಿಯೇ ಕಬ್ಬಿಣ ಕಾಸುತ್ತಿದ್ದನಷ್ಟೆ. ಆದರೆ ಅವನ ತಿದಿಗೂ ಈ ಯಂತ್ರಕ್ಕೂ ಇರುವ ಅಂತರವು ಹಣತೆಗೂ ಹಗಲಿಗೂ ಇರುವಷ್ಟು. ಗಂಧಕದ ಸೋಂಕಿಲ್ಲದ ಇದ್ದಿಲಿನಿಂದ ಬಂದ ಕಬ್ಬಿಣವು ಕಲ್ಲಿದ್ದಲಿನಿಂದ ಬಂದುದಕ್ಕಿಂತ ಶುದ್ಧವಾಗಿದ್ದು, ಪರದೇಶಗಳಲ್ಲಿಯೂ ಅದಕ್ಕೆ ಬೇಡಿಕೆಯಿತ್ತು. ಅಮೇರಿಕದ ಇಂಜಿನಿಯರರ ಸಲಹೆ ಪಡೆದು, ಟಾಟಾ ಮನೆತನದವರ ಆಡಳಿತದಲ್ಲಿ ಕಾರ್ಖಾನೆಯನ್ನು ನಿರ್ಮಿಸುವುದೆಂದು 1918ರಲ್ಲಿ ಏರ್ಪಾಡಾಯಿತು. ಶಿವಮೊಗ್ಗೆಯ ಸೀಮೆಯನ್ನು ಪಶ್ಚಿಮ ಸಮುದ್ರದ ಭಟ್ಕಳಕ್ಕೆ ಸೇರಿಸಿ ಅಲ್ಲಿ ಮೈಸೂರಿಗೆ ಒಂದು ಬಂದರನ್ನು ಮಾಡಬೇಕೆಂಬ ಹಂಬಲವೂ ಅವರದಾಗಿತ್ತು. ಅದು ಕೈಗೂಡಲಿಲ್ಲ. ಕೈಗೂಡಿದ್ದರೆ ಶಿವಮೊಗ್ಗೆಯ ಭೂಪಟವೇ ಬೇರೆಯಾಗುತ್ತಿತ್ತು.

ಒಂದು ಸಣ್ಣ ರಾಜ್ಯದ ದಿವಾನರು ಕಬ್ಬಿಣಕ್ಕಾಗಿ ಇಷ್ಟು ಹಟ ಹಿಡಿದುದೇಕೆ? ಅವರ ಎಣಿಕೆ ಹೀಗಿತ್ತು. ನಮ್ಮ ಜನರಲ್ಲಿ ಬಹುಪಾಲು ಭೂಮಿಯನ್ನೇ ನಂಬಿದವರು. ಭೂಮಿ ಮಳೆಯನ್ನು ನಂಬಿದುದು. ಮಳೆ ತಪ್ಪಿದ ವರ್ಷ ಮನುಷ್ಯನ ಜೀವವು ಹುಲ್ಲಿಗಿಂತ ಅಗ್ಗವಾಗುವುದನ್ನು ದಕ್ಷಿಣದವರು 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಕಂಡಿದ್ದರು. ವಿಶ್ವೇಶ್ವರಯ್ಯನವರು ಆಗ ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗರು. ಹಸಿದವನಿಗೆ ಅನ್ನವಿಕ್ಕುವುದು ಪುಣ್ಯವಾದರೂ, ಮುಂದಿನ ಸಲ ಅವನು ಹಸಿಯದಂತೆ ಒಂದು ಕಸುಬನ್ನು ಕೊಡುವುದು ರಾಜ್ಯದ ಧರ್ಮವೆಂದು ಅವರು ತಿಳಿದಿದ್ದರು. ಅವರ ಕಲ್ಪನೆಯ ನಾಳಿನ ನಾಡಿನಲ್ಲಿ ಓದು ಬಾರದವರಿಲ್ಲ, ಕೆಲಸವಿಲ್ಲದವರಿಲ್ಲ, ಹೊತ್ತು ಕಳೆಯುವವರಿಲ್ಲ; ಪ್ರತಿಯೊಬ್ಬನ ಆದಾಯವೂ ಆಯುಸ್ಸೂ ಬೆಳೆಯುತ್ತಿರುವುದು. ಪುರಾಣದ ಕೃತಯುಗದಲ್ಲಿ ಕೇಳದೆ ಮಳೆ, ಬಿತ್ತದೆ ಬೆಳೆ. ಈ ಕೃತಯುಗದಲ್ಲಿಯಾದರೋ ದುಡಿಯದೆ ಯಾವುದೂ ಇಲ್ಲ, ದುಡಿದವನಿಗೆ ಇಲ್ಲವೆಂಬುದಿಲ್ಲ.

ಇಲ್ಲಿಯವರೆಗೆ ನಾವೆಲ್ಲರೂ ತಲೆದೂಗುವ ಮಾತಾಯಿತು. ಮುಂದಿನದು ಸ್ವಲ್ಪ ಕಠಿನವಾದುದು. ಆದರೂ ಮುಚ್ಚಿಡುವುದು ಈ ಲೇಖಕನಿಗೆ ಸರಿದೋರದು. ಆ ನಾಡಿನ ಕಛೇರಿಗಳಲ್ಲಿ ಆಗ ದೊಡ್ಡ ಹುದ್ದೆಗಳೆಲ್ಲ ಬಹುತರವಾಗಿ ಒಂದೇ ವರ್ಗದವರ ಕೈಯಲ್ಲಿದ್ದುವು. ಇಂಗ್ಲಿಷ್ ವಿದ್ಯೆಗೆ ಮೊದಲು ಕೈಹಾಕಿದವರಿಗೆ ಮೊದಲ ಫಲ ದೊರೆತುದು ಆಶ್ಚರ್ಯವಲ್ಲ. ಆದರೆ ಉಳಿದವರು ಎಚ್ಚೆತ್ತರು. ಹಾನಗಲ್ಲ ಕುಮಾರ ಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನು ನೆಲೆಗೊಳಿಸಿದ್ದರು. ಬೆಳಗಾವಿಯಲ್ಲಿ 1916ರಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯು ಹುಟ್ಟಿತು. ಮಠಗಳು ಅನ್ನದೊಡನೆ ಅಕ್ಷರವನ್ನೂ ನೀಡತೊಡಗಿದುವು. ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಪ್ರಜಾಮಿತ್ರ ಮಂಡಲಿಯು ಏರ್ಪಟ್ಟು, ಲಿಂಗಾಯತರು, ಒಕ್ಕಲಿಗರು, ಮುಸಲ್ಮಾನರು ಮೊದಲಾದವರ ಪರವಾಗಿ ಮಹಾರಾಜರಲ್ಲಿ ಬಿನ್ನಹ ಮಾಡಿಕೊಂಡಿತು. 1918ರಲ್ಲಿ ಮಹಾಸ್ವಾಮಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು.

ದಿವಾನರಿಗೆ ಇದು ಸಮ್ಮತವಾಗಲಿಲ್ಲ. ಯೋಗ್ಯತೆಯೊಂದನ್ನೇ ನೋಡದೆ ಜಾತಿಯನ್ನು ನೋಡಿ ಹುದ್ದೆ ಕೊಟ್ಟರೆ ಆಡಳಿತದ ದಕ್ಷತೆ ಕುಂದುವುದೆಂದೂ, ಹಿಂದುಳಿದವರಿಗೆ ವಿದ್ಯಾರ್ಥಿವೇತನಗಳನ್ನು ಕೊಟ್ಟು ಓದಿಸಿದರೆ ಅವರು ತಾವಾಗಿಯೇ ಮೇಲೆ ಬರುವರೆಂದೂ ಅವರ ಮತ. ಅವರ ಮನಸ್ಸಿನಲ್ಲಿ ದ್ವೇಷವಿರಲಿಲ್ಲ. 6,500 ಶಾಲೆಗಳೇ ಅದಕ್ಕೆ ಸಾಕ್ಷಿ. ಆದರೆ ನದಿಯ ನೀರನ್ನು ಸರದಿಯ ಮೇಲೆ ಹಂಚಬೇಕೆಂದು, ಮೇಲ್ಗಾಲುವೆಯವನೇ ಎಲ್ಲವನ್ನೂ ಬಳಸಿದರೆ ಕೊನೆಯ ಗದ್ದೆಯು ಒಣಗುವುದೆಂದು, ಮುಂಬಯಿ ಪ್ರಾಂತದ ರೈತರಿಗೆ ತಿಳಿಯಹೇಳಿದ ಮಹನೀಯರು ಅದೇ ನ್ಯಾಯವನ್ನು ಅಧಿಕಾರದ ಕಾಲುವೆಗೆ ಅನ್ವಯಿಸಲಿಲ್ಲ. ಕೊನೆಯ ಗದ್ದೆಯವನು ಕಾಯಬಲ್ಲನೆಂದು ಅವರೆಣಿಸಿದರು. ಎಷ್ಟು ತಲೆಮಾರು ಎಂಬ ಪ್ರಶ್ನೆಗೆ ಮಾತ್ರ ಅವರ ಪಟ್ಟಿಯಲ್ಲಿ ಅಂಕಿ ಇರಲಿಲ್ಲ. ಎಲ್ಲರಿಗೂ ಅಂಕಿಯಿಂದ ಉತ್ತರ ಹೇಳುತ್ತಿದ್ದವರಲ್ಲಿ ಇದೊಂದು ಕೊರತೆಯೆಂದೇ ನನ್ನ ಅಭಿಪ್ರಾಯ.

1918ರ ಕೊನೆಗೆ ಅವರು ದಿವಾನಗಿರಿಯನ್ನು ಬಿಟ್ಟರು. ಅದಕ್ಕೆ ಈ ಭಿನ್ನಾಭಿಪ್ರಾಯವು ಒಂದು ಮುಖ್ಯ ಕಾರಣ. ಮಿಲ್ಲರ್ ಸಮಿತಿಯು 1919ರಲ್ಲಿ ವರದಿಯನ್ನೊಪ್ಪಿಸಲು, 1921ರಲ್ಲಿ ಸರ್ಕಾರವು ಅದನ್ನನುಸರಿಸಿ ಆಜ್ಞೆ ಮಾಡಿತು. ಆ ಆಜ್ಞೆಯ ಬಾಗಿಲಿನಿಂದ ಒಳಹೊಕ್ಕವರಲ್ಲಿ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರೂ ಅನೇಕರಿದ್ದರು. ಅವರಿಂದ ಮೈಸೂರಿನ ಆಡಳಿತವು ಕುಸಿಯಲಿಲ್ಲವೆಂಬುದನ್ನು ಮುಂದಿನ ಕಾಲವು ತೋರಿಸಿತು.

ಹೀಗೆ ಮನಸ್ತಾಪದಿಂದ ಹೊರಟವರು ಬೇರೆ ಯಾರಾಗಿದ್ದರೂ ದೂರದಲ್ಲಿ ಕುಳಿತು ಸಂಸ್ಥಾನದ ತಪ್ಪುಗಳನ್ನು ಎಣಿಸುತ್ತಿದ್ದರು. ಇವರು ಹೊರದೇಶಗಳನ್ನು ಸುತ್ತಿಬಂದು, ಭಾರತದ ಪುನರ್ನಿರ್ಮಾಣವನ್ನು ಕುರಿತು 1920ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಷ್ಟರಲ್ಲಿ ಭದ್ರಾವತಿಯ ಸ್ಥಿತಿಯು ಚಿಂತೆಗೆ ಈಡಾಗಿತ್ತು. ಮಹಾಯುದ್ಧದ ದೆಸೆಯಿಂದ ಯಂತ್ರಗಳು ತಡವಾಗಿ ಬಂದುವು, ವೆಚ್ಚವು ಅಂದಾಜನ್ನು ಮೀರಿತು. 1923ರ ಜನವರಿಯಲ್ಲಿ ಕುಲುಮೆಗೆ ಬೆಂಕಿ ಬಿದ್ದು ಕಬ್ಬಿಣವು ಹರಿಯುವ ಹೊತ್ತಿಗೆ ಲೋಕದ ಪೇಟೆಯಲ್ಲಿ ಅದರ ಬೆಲೆಯೇ ಇಳಿದುಹೋಗಿತ್ತು. ಪ್ರಜೆಗಳ ತೆರಿಗೆಯ ಹಣವನ್ನು ಕಾಡಿನಲ್ಲಿ ಸುಟ್ಟರೆಂದು ಆಡಿಕೊಳ್ಳುವವರಿಗೆ ಒಳ್ಳೆಯ ಸುಗ್ಗಿ. ಆಗ ಮಹಾರಾಜರು ಹಳೆಯ ದಿವಾನರಿಗೆ ಹೇಳಿಕಳುಹಿಸಿ, ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಬೇಕೆಂದು ಕೇಳಿದರು. ಅವರು ಬಂದರು.

ಈ ಬರವಿನಲ್ಲಿ ಅವರ ಜೀವಿತದ ಸಾರವೇ ಇದೆಯೆಂದು ತೋರುತ್ತದೆ. ದಿವಾನರಾಗಿದ್ದಾಗ ಕಂಡ ಕನಸಿಗೆ ಸೈನ್ಯದಂತೆ ಇಲಾಖೆಗಳು ಬೆನ್ನಿಗಿದ್ದುವು. ಈಗ ಅರವತ್ತು ದಾಟಿದ ವಯಸ್ಸು, ಕೈಯಲ್ಲಿ ರಾಜ್ಯಾಧಿಕಾರವಿಲ್ಲ, ಎದುರಿಗೆ ನಷ್ಟದ ಲೆಕ್ಕ, ಸುತ್ತಲೂ ಜ್ವರದ ಅಡವಿ. ಅವರು ಮಾಡಿದುದು ಯಾವುದೂ ಅದ್ಭುತವಲ್ಲ. ಒಂದೊಂದು ವಿಭಾಗದ ವೆಚ್ಚವನ್ನೂ ಬಿಡಿಸಿ ನೋಡಿದರು; ದುಂದನ್ನು ಕಡಿದರು. ಹೆಚ್ಚು ಸಂಬಳದ ಪರದೇಶೀಯರ ಸ್ಥಾನಗಳಿಗೆ ಕ್ರಮಕ್ರಮವಾಗಿ ನಮ್ಮವರನ್ನೇ ತರಬೇತು ಮಾಡಿ ತಂದರು. ಬರಿಯ ಬೀಡುಕಬ್ಬಿಣವನ್ನು ಮಾರಿದರೆ ಸಾಲದೆಂದು ಅದರಿಂದ ಕೊಳವೆಗಳನ್ನು ಎರಕ ಹೊಯ್ಯಿಸಿದರು. ಊರಿಗೆ ಬೀದಿ, ದೀಪ, ಆಸ್ಪತ್ರೆ, ಶಾಲೆಗಳಾದುವು. 1929ರಲ್ಲಿ ಅವರು ಅಲ್ಲಿಂದ ಬಿಡುಗಡೆ ಹೊಂದುವ ವೇಳೆಗೆ, ಮುಚ್ಚಿಬಿಡಬೇಕೆಂದು ಹೇಳುವವರ ಧ್ವನಿ ಅಡಗಿತ್ತು. ಹಾರೆ ಗುದ್ದಲಿಯಷ್ಟನ್ನೇ ಹಿಡಿದು ಬಂದ ಮಲೆನಾಡಿನ ಹುಡುಗನು ಕರಗಿದ ಲೋಹದ ಬಣ್ಣವನ್ನು ನೋಡಿ ಅದರ ಹದವನ್ನು ಹೇಳಬಲ್ಲ ಕುಶಲಿಯಾದುದು ಆ ವರ್ಷಗಳ ನಿಜವಾದ ಲಾಭವೆಂದು ನಾನು ಭಾವಿಸುತ್ತೇನೆ; ಜಮಾಖರ್ಚಿನಲ್ಲಿ ಅದನ್ನು ಬರೆಯಲು ಕಲಮು ಇಲ್ಲ.

ಇನ್ನೊಂದು ಸಂಗತಿ. ಕಾರ್ಖಾನೆಯು ಲಾಭದ ದಾರಿ ಹಿಡಿಯುವವರೆಗೂ ತಮಗೆ ಸಂಬಳ ಬೇಡವೆಂದು ಅವರು ತೆಗೆದುಕೊಳ್ಳಲಿಲ್ಲ. ಸಲ್ಲಬೇಕಾದ ಮೊತ್ತವು ಕೂಡಿ ದೊಡ್ಡದಾಗಲು, ಅದನ್ನು ಹುಡುಗರಿಗೆ ಕಸುಬು ಕಲಿಸುವ ಒಂದು ಸಂಸ್ಥೆಗೆ ವಿನಿಯೋಗಿಸಬೇಕೆಂದರು. ಬೆಂಗಳೂರಿನಲ್ಲಿ 1943ರಲ್ಲಿ ಆ ಸಂಸ್ಥೆಯು ಪ್ರಾರಂಭವಾದಾಗ ತಮ್ಮ ಹೆಸರು ಬೇಡವೆಂದು, ಜಯಚಾಮರಾಜೇಂದ್ರ ಒಡೆಯರ ಹೆಸರನ್ನಿಡಿಸಿದರು. ದುಡಿದುದನ್ನು ತನ್ನದೆನ್ನದೆ ಸಮಾಜಕ್ಕೆ ಸವೆಸುವುದಕ್ಕೆ ನಮ್ಮಲ್ಲಿ ದಾಸೋಹವೆಂಬ ಹೆಸರುಂಟು. ಆ ಶಬ್ದವನ್ನು ಅವರು ಬಳಸಿದವರಲ್ಲ. ಧರ್ಮದ ವಿಷಯದಲ್ಲಿ ಅವರು ಮಿತಭಾಷಿಗಳು; ಶರಣರ ಕಾಯಕಕ್ಕೂ ಅವರ ದುಡಿಮೆಗೂ ನಡುವೆ ಇರುವ ಭೇದವನ್ನು ಅಳಿಸಿ ಹೇಳುವುದು ಅವರಿಗೂ ಶರಣರಿಗೂ ಮಾಡುವ ಅಪಚಾರ. ಶರಣರಿಗೆ ಕಾಯಕವು ಲಿಂಗಕ್ಕೆ ಸಲ್ಲುವುದು. ಇವರಿಗೆ ಅದು ನಾಡಿಗೆ ಸಲ್ಲುವುದು. ಆದರೆ ಎರಡು ಕಡೆಯೂ ಅದು ತನಗೆ ಸಲ್ಲುವುದಲ್ಲ. ಗೃಹಸ್ಥ ಜೀವನದ ಸುಖವು ಅವರಿಗೆ ನಿಲ್ಲಲಿಲ್ಲ. ಏಕಾಂಗಿಯಾಗಿಯೇ ಬಹುಕಾಲ ಬಾಳಿದರು. ಆ ಬರಿದಾದ ಮನೆಗೆ ಕೆಲಸವೇ ತುಂಬಾಯಿತು.

1934ರಲ್ಲಿ, ದೇಶಕ್ಕೆ ಸ್ವಾತಂತ್ರ್ಯವೇ ಬಾರದಿದ್ದ ಕಾಲದಲ್ಲಿ, ಭಾರತದ ಆರ್ಥಿಕ ಜೀವನವನ್ನು ಯೋಜನೆಯಿಂದ ನಡೆಸಬೇಕೆಂದು ಅವರು ಮತ್ತೊಂದು ಗ್ರಂಥವನ್ನು ಬರೆದರು. ಹತ್ತು ವರ್ಷಗಳಲ್ಲಿ ರಾಷ್ಟ್ರದ ಆದಾಯವನ್ನು ಇಮ್ಮಡಿಗೊಳಿಸುವುದು, ಭೂಮಿಯ ಮೇಲಿನ ಜನಭಾರವನ್ನು ಕೈಗಾರಿಕೆಗೆ ಸಾಗಿಸುವುದು ಅದರ ಗುರಿ. ಸ್ವತಂತ್ರ ಭಾರತದ ಪಂಚವಾರ್ಷಿಕ ಯೋಜನೆಗಳು 1951ರಲ್ಲಿ ಮೊದಲಾದುವೆಂಬುದನ್ನು ನೆನೆದರೆ, ಅವರು ಎಷ್ಟು ಮುಂದಾಗಿ ನೋಡಿದರೆಂಬುದು ಸ್ಪಷ್ಟ. ಕೈಗಾರಿಕೆಯೇ ಗ್ರಾಮವನ್ನು ನುಂಗುವ ರಾಕ್ಷಸನೆಂದು ಗಾಂಧೀಜಿಯವರು ಶಂಕಿಸಿದ ಕಾಲದಲ್ಲಿ ಇವರು ತಮ್ಮ ಮತವನ್ನು ಬಿಡಲಿಲ್ಲ. ಆದರೂ ವಯಸ್ಸು ತೊಂಬತ್ತರ ಸಮೀಪಕ್ಕೆ ಬಂದಾಗ ಅವರ ದೃಷ್ಟಿ ಹಳ್ಳಿಯ ಕಡೆಗೇ ತಿರುಗಿದುದು ಗಮನಾರ್ಹ. ಹಳ್ಳಿಗಳನ್ನು ಗುಂಪುಗೂಡಿಸಿ, ಆ ಗುಂಪಿನವರೇ ತಮ್ಮ ಉತ್ಪತ್ತಿಯ ಲೆಕ್ಕವನ್ನಿಟ್ಟು, ಸಣ್ಣ ಕೈಗಾರಿಕೆಗಳನ್ನು ನಡೆಸತಕ್ಕ ಒಂದು ಗ್ರಾಮ ಕೈಗಾರಿಕಾ ಯೋಜನೆಯನ್ನು ರಚಿಸಿದರು. ಅದನ್ನು ಬೆಂಗಳೂರು ಕೋಲಾರ ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ತರಲಾಯಿತು. ತಾವು ಕಾಣಲಾರದ ದಿನಗಳಿಗಾಗಿ ಆ ಇಳಿವಯಸ್ಸಿನಲ್ಲಿ ಬೆಳಗಿನ ಹೊತ್ತು ಮೇಜಿನ ಮುಂದೆ ಕುಳಿತು ಪಟ್ಟಿ ಬರೆಯುತ್ತಿದ್ದವರಿಗೆ ಫಲಾಪೇಕ್ಷೆಯಿತ್ತೆಂದು ಹೇಳುವುದು ಹೇಗೆ?

ಭಾರತರತ್ನ ಪ್ರಶಸ್ತಿಯು 1955ರಲ್ಲಿ ಬಂತು. ಪ್ರಶಸ್ತಿ ಕೊಟ್ಟರೆಂದು ಸರ್ಕಾರವನ್ನು ಹೊಗಳಲಾರೆನೆಂದು ಅವರು ಮೊದಲೇ ತಿಳಿಸಿದ್ದರೆಂದು ಪ್ರತೀತಿ. ಅವರ ಸ್ವಭಾವಕ್ಕೆ ಅದು ತಕ್ಕುದಾಗಿಯೇ ಇದೆ. ನೂರು ಸಂವತ್ಸರಗಳು ತುಂಬಿದ ಮೇಲೆ 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟರು. ಹುಟ್ಟಿದ ಮುದ್ದೇನಹಳ್ಳಿಯಲ್ಲಿಯೇ ಅವರ ಸಮಾಧಿಯಿದೆ.

ಅವರ ಕಾಯವು ಅಳಿದ ಬಳಿಕ ಅವರ ಕುಲುಮೆಯು ಏನಾಯಿತೆಂದು ಹೇಳದೆ ಈ ವೃತ್ತಾಂತವು ಮುಗಿಯದು. 1936ರ ಸುಮಾರಿಗೆ ಅಲ್ಲಿ ಉಕ್ಕನ್ನೂ ತಯಾರಿಸತೊಡಗಿದ್ದರು. ಅದೇ ವರ್ಷ ಭದ್ರೆಯ ಆಚೆ ಮೈಸೂರು ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಜೋಗದ ವಿದ್ಯುಚ್ಛಕ್ತಿ ಬಂದ ತರುವಾಯ ವಿದ್ಯುತ್ ಕುಲುಮೆಗಳು ಬಂದು, ಮರದ ಇದ್ದಿಲಿನ ಕಾಲ ಕ್ರಮೇಣ ಮುಗಿಯಿತು. ಎಷ್ಟೋ ವರ್ಷ ಕುಲುಮೆಯ ಬಾಯಿಗೆ ಹೋದ ಅಡವಿಯ ಲೆಕ್ಕವನ್ನು ಇಂದಿನವರು ಬೇರೆ ರೀತಿಯಲ್ಲಿ ಬರೆಯುವರು. ಮರವು ಮತ್ತೆ ಬೆಳೆಯುವುದೆಂದು ಅಂದು ನಂಬಿದ್ದಷ್ಟು ಸುಲಭವಾಗಿ ಮಲೆನಾಡು ಮತ್ತೆ ಮಲೆನಾಡಾಗದು. ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರನ್ನೇ ಇಟ್ಟರು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಗಿ, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಮಾಲೀಕರು ದೂರವಾದಂತೆ ಹೊಸ ಬಂಡವಾಳವೂ ದೂರವಾಯಿತು. ಕಾಗದದ ಕಾರ್ಖಾನೆಯು 2015ರಲ್ಲಿ ಕೆಲಸ ನಿಲ್ಲಿಸಿತು. ಒಂದು ಕಾಲಕ್ಕೆ ಸಂಬಳದ ದಿನದಂದು ಕಾಲಿಡಲು ಸ್ಥಳವಿಲ್ಲದೆ ಇದ್ದ ಭದ್ರಾವತಿಯ ಪೇಟೆಯನ್ನು ಬಲ್ಲವರಿಗೆ ಅದರ ಇಳಿತವನ್ನು ಬಣ್ಣಿಸಿ ಹೇಳಬೇಕಾಗಿಲ್ಲ.

2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು ಹೊರಬಿತ್ತು. ಗುತ್ತಿಗೆಯ ಕಾರ್ಮಿಕರು ಹೆಬ್ಬಾಗಿಲಿನ ಮುಂದೆ ಕುಳಿತರು; ದಿನಗಳು ತಿಂಗಳುಗಳಾದುವು. ಶಿವಮೊಗ್ಗೆ ಭದ್ರಾವತಿಗಳ ಜನರು ಜಾತಿಮತಗಳೆನ್ನದೆ ಅವರೊಡನೆ ನಿಂತರು. ಅದೇ ವರ್ಷ ಉರುಳೆಯ ವಿಭಾಗದಲ್ಲಿ ಸ್ವಲ್ಪಮಟ್ಟಿಗೆ ಕೆಲಸವು ಮತ್ತೆ ನಡೆಯತೊಡಗಿತು. ಆ ಹೆಬ್ಬಾಗಿಲಿನಲ್ಲಿ ಕುಳಿತಿದ್ದವರು ಕೈಚಾಚಿ ಬೇಡಿದುದು ಪರಿಹಾರದ ಹಣವನ್ನಲ್ಲ; ತಿಂಗಳಿಗೆ ಇನ್ನಷ್ಟು ದಿನಗಳ ಕೆಲಸವನ್ನು.